ಒಂದೇ ಪಾತ್ರೆ, ಎರಡು ಒಗ್ಗರಣೆ: ಶರತ್ಕಾಲದ ಸಂತೆಯಿಂದ ಮನೆಮಂದಿಗೆಲ್ಲ ಊಟ

ದಸರೆ ಕಳೆದ ವಾರ ಸಂತೆಗೆ ಹೋದರೆ ಮೊದಲು ಕಣ್ಣಿಗೆ ಬೀಳುವುದು ಸಿಹಿಗುಂಬಳದ ರಾಶಿ. ಅದರ ಪಕ್ಕದಲ್ಲಿ ಮಣ್ಣು ಮೆತ್ತಿದ ಗೆಣಸು, ಗೋಣಿತಾಟಿನ ಮೇಲೆ ಹರವಿದ ಹಸಿ ಕಡಲೆಕಾಯಿ, ಬುಟ್ಟಿಯಲ್ಲಿ ಎಲೆ ಹಾಸಿ ಜೋಡಿಸಿದ ಸೀತಾಫಲ. ಮಳೆಗಾಲವೆಲ್ಲ ಕೆಸರು ಸಿಡಿದು, ಅರ್ಧ ಕೊಳೆತು ಬರುತ್ತಿದ್ದ ಸೊಪ್ಪು ಈಗ ಚೊಕ್ಕವಾಗಿ ನಳನಳಿಸುತ್ತಿರುತ್ತದೆ. ಆಶ್ವಯುಜ, ಕಾರ್ತಿಕ ಎರಡು ತಿಂಗಳು ಪಂಚಾಂಗದ ಲೆಕ್ಕದಲ್ಲಿ ಶರದೃತು. ಅಡುಗೆ ಮಾಡುವವರ ಲೆಕ್ಕದಲ್ಲಿ ಇಡೀ ವರ್ಷದಲ್ಲೇ ಕೈ ತುಂಬಿದ ಕಾಲ.

ಕೈ ತುಂಬಿದ್ದರೂ ತಟ್ಟೆ ತುಂಬಿಸುವುದು ಸುಲಭವಿಲ್ಲ. ನಮ್ಮ ಮನೆಯನ್ನೇ ತೆಗೆದುಕೊಳ್ಳಿ. ನಾಲ್ಕು ವರ್ಷದ ಮಗಳಿಗೆ ಖಾರ ನಾಲಿಗೆಗೆ ತಾಗಿದರೆ ಊಟ ಅಲ್ಲಿಗೇ ಮುಗಿಯಿತು. ಹೈಸ್ಕೂಲಿಗೆ ಹೋಗುವ ಮಗನಿಗೆ ಡಬ್ಬಿಯಲ್ಲಿ ರಸ ಸೋರದ, ಮಧ್ಯಾಹ್ನಕ್ಕೂ ಮೆತ್ತಗೆ ಉಳಿಯುವ ತಿಂಡಿ ಬೇಕು. ಯಜಮಾನರಿಗೆ ಹುಳಿ ಖಾರ ಎರಡೂ ಜೋರಾಗಿಯೇ ಇರಬೇಕು. ಅತ್ತೆಯವರಿಗೆ ಹಲ್ಲುಸೆಟ್ಟು, ಜೊತೆಗೆ ಸಕ್ಕರೆ ಕಾಯಿಲೆ. ನಾಲ್ವರಿಗೂ ಬೇರೆ ಬೇರೆ ಬೇಯಿಸುತ್ತ ಕೂತರೆ ಬೆಳಗಿನಿಂದ ರಾತ್ರಿಯವರೆಗೆ ಒಲೆ ಆರುವುದಿಲ್ಲ. ಹಾಗೆಂದು ಮಗುವಿಗೆ ದಿನಾ ಮೊಸರನ್ನ ಕಲಸಿ ಕೊಟ್ಟು ಕೈತೊಳೆದುಕೊಂಡರೆ ಅದು ತರಕಾರಿಯ ರುಚಿಯನ್ನೇ ಕಲಿಯದೆ ಬೆಳೆಯುತ್ತದೆ. ಈ ಎರಡರ ನಡುವೆ ನಾನು ಕಂಡುಕೊಂಡ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅಳತೆಗಳೆಲ್ಲ ಐದು ಜನರ ಮನೆಗೆ.

ಖಾರ ಬೀಳುವ ಮೊದಲೇ ತೆಗೆದಿಡಿ

ನಮ್ಮ ಸಾರು, ಹುಳಿ, ಪಲ್ಯ ಯಾವುದನ್ನೇ ಗಮನಿಸಿ, ಮೊದಲು ತರಕಾರಿ ಬೇಯುತ್ತದೆ, ಆಮೇಲೆ ಅರೆದದ್ದು ಬೀಳುತ್ತದೆ, ಕೊನೆಗೆ ಒಗ್ಗರಣೆ. ಬೇಯುವುದಕ್ಕೂ ಅರೆದದ್ದು ಬೀಳುವುದಕ್ಕೂ ನಡುವೆ ಎರಡು ನಿಮಿಷ ಬಿಡುವಿರುತ್ತದೆ. ಆ ಹೊತ್ತಿನಲ್ಲಿ ಮಗುವಿನ ಪಾಲನ್ನು ಒಂದು ಬಟ್ಟಲಿಗೆ ತೆಗೆದಿಟ್ಟರೆ ಸಾಕು. ಅದಕ್ಕೆ ತುಪ್ಪ ಜೀರಿಗೆಯ ಪುಟ್ಟ ಒಗ್ಗರಣೆ, ಉಳಿದದ್ದಕ್ಕೆ ದೊಡ್ಡವರ ಮಸಾಲೆ ಮತ್ತು ಇಂಗು ಸಾಸಿವೆಯ ಒಗ್ಗರಣೆ. ಪಾತ್ರೆ ಒಂದೇ, ತರಕಾರಿ ಒಂದೇ, ಎಲ್ಲರೂ ಒಟ್ಟಿಗೇ ಕೂತು ತಿನ್ನಬಹುದು. ಅಪ್ಪನ ತಟ್ಟೆಯಲ್ಲಿರುವುದೇ ತನ್ನ ತಟ್ಟೆಯಲ್ಲೂ ಇದೆ ಎಂದು ಕಂಡ ಮಗು, ಬೇಡವೆನ್ನುವ ಮೊದಲು ಒಂದು ತುತ್ತಾದರೂ ಬಾಯಿಗಿಟ್ಟು ನೋಡುತ್ತದೆ.

ತೆಗೆದಿಟ್ಟ ಪಾಲಿಗೆ ತುಪ್ಪ ಹಾಕಲು ಇನ್ನೊಂದು ಕಾರಣವೂ ಇದೆ. ಸಿಹಿಗುಂಬಳಕ್ಕೆ, ಕೇಸರಿ ತಿರುಳಿನ ಗೆಣಸಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ನಮ್ಮ ಮೈಯಲ್ಲಿ ಎ ಜೀವಸತ್ವವಾಗಿ ಬದಲಾಗುತ್ತದೆ. ಅದನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ಜೊತೆಗೆ ಸ್ವಲ್ಪ ಜಿಡ್ಡು ಬೇಕೇ ಬೇಕು. ಅರ್ಧ ಚಮಚ ತುಪ್ಪ ಸಾಕಾಗುತ್ತದೆ.

ಮನೆಯಲ್ಲಿ ಆರು ತಿಂಗಳು ದಾಟಿದ ಕೂಸಿದ್ದರೆ ಅದರ ಪಾಲನ್ನು ಇನ್ನೂ ಮುಂಚೆ, ಉಪ್ಪು ಹಾಕುವ ಮೊದಲೇ ತೆಗೆಯಿರಿ. ವರ್ಷ ತುಂಬುವವರೆಗೆ ಕೂಸಿನ ಊಟಕ್ಕೆ ಉಪ್ಪು, ಸಕ್ಕರೆ, ಬೆಲ್ಲ, ಜೇನು ಯಾವುದೂ ಬೇಡ. ಬೆಂದ ಸಿಹಿಗುಂಬಳವನ್ನು ಬೆರಳಲ್ಲಿ ನುರಿದು, ಮೆತ್ತಗಿನ ಅನ್ನದ ಜೊತೆ ಕಲಸಿದರೆ ಅದರ ಸಿಹಿಯೇ ಕೂಸಿಗೆ ಧಾರಾಳ.

ಸಂತೆಯಲ್ಲಿ ಕೈಯಾಡಿಸುವಾಗ

ಸಿಹಿಗುಂಬಳವನ್ನು ಹೋಳು ಮಾಡಿ ಮಾರುತ್ತಾರೆ, ಇಡಿಯಾಗಿಯೂ ಸಿಗುತ್ತದೆ. ನಾನು ಇಡೀ ಕಾಯಿಯ ಪರ. ತೊಟ್ಟು ಒಣಗಿ ಬೆಂಡಿನಂತೆ ಗಟ್ಟಿಯಾಗಿರಬೇಕು, ಸಿಪ್ಪೆಯ ಹೊಳಪು ಹೋಗಿ ಮಂಕಾಗಿರಬೇಕು. ಉಗುರು ಒತ್ತಿದರೆ ಇಳಿಯಬಾರದು, ಗಾತ್ರಕ್ಕಿಂತ ತೂಕ ಹೆಚ್ಚೆನಿಸಬೇಕು. ತೊಟ್ಟು ಮುರಿದ ಕಾಯಿ ಬೇಡ, ಕೊಳೆ ಮೊದಲು ಹೊಗುವುದು ಅಲ್ಲಿಂದಲೇ. ತೊಟ್ಟಿರುವ, ಗಾಯವಿಲ್ಲದ ಕಾಯಿಯನ್ನು ಗಾಳಿಯಾಡುವ ಒಣ ಜಾಗದಲ್ಲಿಟ್ಟರೆ ಎರಡು ಮೂರು ತಿಂಗಳು ಇರುತ್ತದೆ. ಹೆಚ್ಚಿದ ಮೇಲೆ ಮಾತ್ರ ಬೀಜ, ನಾರು ತೆಗೆದು, ಮುಚ್ಚಿ ಫ್ರಿಜ್ಜಿನಲ್ಲಿಟ್ಟು ನಾಲ್ಕೈದು ದಿನದಲ್ಲಿ ಮುಗಿಸಬೇಕು. ಚಿಕ್ಕ ಸಂಸಾರಕ್ಕೆ ಇಡೀ ಕಾಯಿ ಹೆಚ್ಚಾಯಿತೆನಿಸಿದರೆ ಪುಟ್ಟ ಕಾಯಿ ಬಿಡುವ ತಳಿಗಳೂ ಇವೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕ ಸೂರ್ಯಮುಖಿ ಅಂಥದ್ದು, ಕಾಯಿ ಸುಮಾರು ಒಂದು ಕೆಜಿ ತೂಗುತ್ತದೆ.

ಗೆಣಸು ಕೊಳ್ಳುವಾಗ ಒಂದೇ ದಪ್ಪದವನ್ನು ಆರಿಸಿ, ಇಲ್ಲದಿದ್ದರೆ ಒಂದು ಕರಗುವಾಗ ಇನ್ನೊಂದು ಗಟ್ಟಿಯಾಗಿಯೇ ಇರುತ್ತದೆ. ಸಣ್ಣ ತೂತುಗಳಿದ್ದರೆ ಒಳಗೆ ಹುಳು ಓಡಾಡಿದೆ ಎಂದೇ ಅರ್ಥ. ಅಂಥ ಗೆಣಸು ಬೆಂದರೂ ಕಹಿ. ಗೆಣಸನ್ನು ಫ್ರಿಜ್ಜಿನಲ್ಲಿ ಇಡಬೇಡಿ, ಚಳಿಗೆ ನಡುಭಾಗ ಗಟ್ಟಿಯಾಗಿ ಎಷ್ಟು ಬೇಯಿಸಿದರೂ ಮೆತ್ತಗಾಗುವುದಿಲ್ಲ. ಮಣ್ಣು ಕೂಡ ತೊಳೆಯದೆ, ಈರುಳ್ಳಿ ಬುಟ್ಟಿಯ ಪಕ್ಕ ಹರವಿಟ್ಟರೆ ವಾರ ಹತ್ತು ದಿನ ನಿಶ್ಚಿಂತೆ.

ಹೀರೆ, ಸೋರೆ, ಸೌತೆ ತಂದಾಗ ಮರೆಯದೆ ಮಾಡಬೇಕಾದ ಒಂದು ಕೆಲಸವಿದೆ. ಹೆಚ್ಚುವಾಗ ಒಂದು ಚೂರು ಹಸಿಯಾಗಿಯೇ ನಾಲಿಗೆಗೆ ತಾಗಿಸಿ ನೋಡಿ. ಕಹಿಯೆನಿಸಿದರೆ ಉಗುಳಿ, ಇಡೀ ಕಾಯಿಯನ್ನು ಬಿಸಾಡಿ. ಹಾಗಲಕಾಯಿಯ ಕಹಿ ಬೇರೆ, ಇವುಗಳ ಕಹಿ ಬೇರೆ. ಸೋರೆಕಾಯಿಯ ಕಹಿ ವಾಂತಿ, ಭೇದಿಯಿಂದ ಹಿಡಿದು ಆಸ್ಪತ್ರೆಗೆ ಸೇರುವಷ್ಟು ಕೆಡುಕು ಮಾಡಬಲ್ಲದು, ಬೇಯಿಸಿದರೂ ಅದು ಹೋಗುವುದಿಲ್ಲ. ಬೆಲ್ಲ ಹಾಕಿ ಸರಿಮಾಡುತ್ತೇನೆ ಎಂದು ಹೊರಡಬೇಡಿ.

ಇನ್ನು ಅವರೆಕಾಯಿ. ದೀಪಾವಳಿಗೂ ಮೊದಲೇ ಅಲ್ಲೊಂದು ಇಲ್ಲೊಂದು ರಾಶಿ ಕಾಣುತ್ತದೆ, ಬೆಲೆಯೂ ಮೇಲೆ. ಮನಸ್ಸು ತಡೆದುಕೊಳ್ಳಿ. ಚಳಿ ಬಿದ್ದು, ಇಬ್ಬನಿ ಕುಡಿದ ಮೇಲಲ್ಲವೇ ಅವರೆಗೆ ಸೊಗಡು ಬರುವುದು.

ಒಂದು ಸಿಹಿಗುಂಬಳ, ನಾಲ್ಕು ಅಡುಗೆ

ಮಲೆನಾಡಿನಲ್ಲಿ ಇದಕ್ಕೆ ಚೀನಿಕಾಯಿ ಎನ್ನುತ್ತಾರೆ. ಹೆಸರು ಏನೇ ಇರಲಿ, ಈ ಕಾಯಿಯಲ್ಲಿ ಬಿಸಾಡುವಂಥದ್ದು ತೊಟ್ಟು ಮಾತ್ರ. ಮೂರು ಕೆಜಿಯ ಕಾಯಿಯೊಂದು ನಮ್ಮ ಮನೆಯಲ್ಲಿ ನಾಲ್ಕು ದಿನದ ಕೆಲಸ ಮಾಡುತ್ತದೆ.

ಮೊದಲು ಹೆಚ್ಚುವುದು. ದುಂಡಗಿನ ಕಾಯಿ ಜಾರುತ್ತದೆ, ಕೈ ಕುಯ್ದುಕೊಳ್ಳುವವರು ಬಹಳ. ನೆಲದ ಮೇಲೆ ಒದ್ದೆ ಬಟ್ಟೆ ಹಾಸಿ, ಅದರ ಮೇಲೆ ಮಣೆ ಇಟ್ಟು, ತೊಟ್ಟಿನ ಪಕ್ಕದಿಂದ ಚಾಕು ಇಳಿಸಿ ಎರಡು ಹೋಳು ಮಾಡಿ. ಆಮೇಲೆ ಕುಯ್ದ ಮುಖವನ್ನು ಕೆಳಗೆ ಮಾಡಿಟ್ಟರೆ ಅಲುಗಾಡುವುದಿಲ್ಲ. ಒಳಗಿನ ನಾರು, ಬೀಜ ಒಂದು ಬಟ್ಟಲಿಗೆ. ಹುಳಿಗೆ ಬೇಕಾದ ಹೋಳುಗಳಿಗೆ ಸಿಪ್ಪೆ ಇರಲಿ. ಗಾರಿಗೆಗೆ ಬೇಕಾದ ಭಾಗದ ಸಿಪ್ಪೆಯನ್ನು ಸ್ವಲ್ಪ ದಪ್ಪಕ್ಕೇ ಹೆರೆದು ಎತ್ತಿಡಿ.

ಮೊದಲ ದಿನ ಹುಳಿ. ಮುಕ್ಕಾಲು ಲೋಟ ತೊಗರಿಬೇಳೆಯನ್ನು ಚಿಟಿಕೆ ಅರಿಸಿನ, ನಾಲ್ಕು ತೊಟ್ಟು ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿ. ಅರ್ಧ ಕೆಜಿ ಕುಂಬಳದ ಹೋಳನ್ನು ಬೇರೆ ಪಾತ್ರೆಯಲ್ಲಿ, ಒಂದು ಲೋಟ ನೀರು ಮತ್ತು ಉಪ್ಪಿನ ಜೊತೆ ಮುಚ್ಚಿ ಬೇಯಿಸಿ. ಏಳೆಂಟು ನಿಮಿಷಕ್ಕೆ ಬೆಂದಿರುತ್ತದೆ. ಮದುವೆಯಾದ ಹೊಸದರಲ್ಲಿ ನಾನು ಬೇಳೆಯ ಜೊತೆಗೇ ಹಾಕಿ ಕೂಗಿಸಿದ್ದೆ. ಮುಚ್ಚಳ ತೆಗೆದರೆ ಹೋಳೇ ಇರಲಿಲ್ಲ, ಕೇಸರಿ ಬಣ್ಣದ ಬೇಳೆ ಮಾತ್ರ ಇತ್ತು. ‘ಕುಂಬಳಕಾಯಿ ಮನೆಗೆ ಬಂದ ನೆಂಟರ ಹಾಗೆ ಕಣಮ್ಮ, ಕಣ್ಣೆದುರಿಗೇ ಇಟ್ಟುಕೊಂಡು ನೋಡಿಕೊಳ್ಳಬೇಕು’ ಎಂದರು ಅತ್ತೆಯವರು. ಅಂದಿನಿಂದ ಬೇರೆಯೇ ಬೇಯಿಸುತ್ತೇನೆ.

ಹೋಳು ಬೆಂದ ಮೇಲೆ ಬೇಳೆ ಸೇರಿಸಿ ಒಂದು ಕುದಿ ಬರಿಸಿ. ಇದೇ ತೆಗೆದಿಡುವ ಹೊತ್ತು. ಮಗುವಿನ ಪಾಲು ಎರಡು ಸೌಟು ತೆಗೆದು, ತುಪ್ಪದಲ್ಲಿ ಜೀರಿಗೆ ಸಿಡಿಸಿ ಹಾಕಿ. ಹಲ್ಲಿನ ತೊಂದರೆ ಇರುವ ಹಿರಿಯರಿಗೂ ಇದೇ ಪಾಲಿನಲ್ಲಿ ಕೊಡಬಹುದು, ಒಂದೆರಡು ಕಾಳುಮೆಣಸು ಕುಟ್ಟಿ ಹಾಕಿದರೆ ಅವರ ಬಾಯಿಗೆ ಹಿತ. ಉಳಿದದ್ದಕ್ಕೆ, ಒಂದು ಚಮಚ ಎಣ್ಣೆಯಲ್ಲಿ ನಾಲ್ಕು ಬ್ಯಾಡಗಿ ಮೆಣಸಿನಕಾಯಿ, ಒಂದು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಕಡಲೆಬೇಳೆ, ಕಾಲು ಚಮಚ ಮೆಂತ್ಯ ಹುರಿದು, ಅರ್ಧ ಬಟ್ಟಲು ಕಾಯಿತುರಿ ಮತ್ತು ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣಿನ ಜೊತೆ ಅರೆದು ಹಾಕಿ ಐದು ನಿಮಿಷ ಕುದಿಸಿ. ಬೆಲ್ಲ ಹಾಕಬೇಡಿ, ಕಾಯಿಯ ಸಿಹಿ ಇದ್ದೇ ಇದೆ. ಇಂಗು, ಸಾಸಿವೆ, ಕರಿಬೇವಿನ ಒಗ್ಗರಣೆ ಕೊನೆಗೆ.

ಎರಡನೆಯ ದಿನ ಗಾರಿಗೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಕುಂಬಳಕಾಯಿ ಗಾರಿಗೆ ಎಂದರೆ ಹಬ್ಬದ ಸಡಗರ. ಕೆಲವರ ಬಾಯಲ್ಲಿ ಅದು ಗಾರ್ಗಿ. ಕುಂಬಳಕಾಯಿ ಬೇಡ ಎಂದು ಮುಖ ತಿರುಗಿಸುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಔಷಧ ನನಗೆ ಗೊತ್ತಿಲ್ಲ. ಎರಡು ಬಟ್ಟಲು ತುರಿದ ಸಿಹಿಗುಂಬಳವನ್ನು ಒಂದು ಚಮಚ ತುಪ್ಪದಲ್ಲಿ ಬಾಡಿಸಿ, ಮುಕ್ಕಾಲು ಬಟ್ಟಲು ಬೆಲ್ಲದ ಪುಡಿ ಹಾಕಿ. ನೀರು ಹನಿಯೂ ಬೇಡ, ಬೆಲ್ಲ ಕರಗುತ್ತಿದ್ದಂತೆ ತುರಿ ತಾನೇ ನೀರು ಬಿಡುತ್ತದೆ. ಹತ್ತು ನಿಮಿಷಕ್ಕೆ ಮೆತ್ತಗಾಗಿ ಮುದ್ದೆಯಂತಾಗುತ್ತದೆ. ಕೈಗೆ ಬೆಚ್ಚಗೆನಿಸುವಷ್ಟು ಆರಿದ ಮೇಲೆ ಏಲಕ್ಕಿ ಪುಡಿ, ಚಿಟಿಕೆ ಉಪ್ಪು, ಎರಡು ಚಮಚ ಚಿರೋಟಿ ರವೆ, ಹಿಡಿಯುವಷ್ಟು ಗೋಧಿಹಿಟ್ಟು ಸೇರಿಸಿ ಪೂರಿ ಹಿಟ್ಟಿನ ಹದಕ್ಕೆ ನಾದಿ. ಸುಮಾರು ಎರಡು ಬಟ್ಟಲು ಹಿಟ್ಟು ಬೇಕಾಗುತ್ತದೆ. ಕಾಯಿಯ ನೀರಿನ ಮೇಲೆ ಸ್ವಲ್ಪ ಹೆಚ್ಚು ಕಡಿಮೆ ಆಗುವುದರಿಂದ ಹಿಟ್ಟನ್ನು ಒಮ್ಮೆಗೇ ಸುರಿಯದೆ ಹಿಡಿ ಹಿಡಿಯಾಗಿ ಹಾಕಿ. ಇಪ್ಪತ್ತು ನಿಮಿಷ ಮುಚ್ಚಿಟ್ಟು, ಎಣ್ಣೆ ಸವರಿದ ಬಾಳೆಲೆಯ ಮೇಲೆ ಪೂರಿಗಿಂತ ಕೊಂಚ ದಪ್ಪಕ್ಕೆ ತಟ್ಟಿ, ಮೇಲೆ ಎಳ್ಳು ಉದುರಿಸಿ, ಹದವಾದ ಉರಿಯಲ್ಲಿ ಕರಿಯಿರಿ. ಉರಿ ಜೋರಾದರೆ ಬೆಲ್ಲ ಹೊರಗೆ ಕರಕಲಾಗಿ ಒಳಗೆ ಹಸಿ ಉಳಿಯುತ್ತದೆ. ಕರಿದದ್ದು ಬೇಡವೆಂದರೆ ಕಾವಲಿಯ ಮೇಲೆ ತುಪ್ಪ ಹಾಕಿ ಎರಡೂ ಕಡೆ ಬೇಯಿಸಿ. ಅದು ಇನ್ನೂ ಮೆತ್ತಗೆ, ಡಬ್ಬಿಗೂ ಸರಿಹೋಗುತ್ತದೆ. ಹೊರಗಿಟ್ಟರೂ ಎರಡು ದಿನಕ್ಕೆ ಮೋಸವಿಲ್ಲ.

ಹೆರೆದಿಟ್ಟ ಸಿಪ್ಪೆಯಿಂದ ಚಟ್ನಿ. ಒಂದು ಬಟ್ಟಲು ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಉದ್ದಿನಬೇಳೆ, ಇಂಗು, ಮೂರು ಒಣಮೆಣಸಿನಕಾಯಿ ಹುರಿದ ಎಣ್ಣೆಯಲ್ಲೇ ಏಳೆಂಟು ನಿಮಿಷ ಬಾಡಿಸಿ, ಹುಣಸೆ, ಉಪ್ಪು, ಕಾಲು ಬಟ್ಟಲು ಕಾಯಿತುರಿಯ ಜೊತೆ ತರಿತರಿಯಾಗಿ ರುಬ್ಬಿ. ಸಿಪ್ಪೆ ಚೆನ್ನಾಗಿ ಬಾಡದಿದ್ದರೆ ಹಸಿ ವಾಸನೆ ಬರುತ್ತದೆ, ಅವಸರ ಬೇಡ. ನಾರನ್ನು ದೋಸೆಗೆ ಅಕ್ಕಿ ರುಬ್ಬುವಾಗ ಜೊತೆಗೇ ಹಾಕಿಬಿಡುತ್ತೇನೆ. ದೋಸೆ ಹೊಂಬಣ್ಣಕ್ಕೆ ತಿರುಗುತ್ತದೆ, ಮೆತ್ತಗೂ ಇರುತ್ತದೆ. ಬೀಜವನ್ನು ತೊಳೆದು ಎರಡು ದಿನ ಒಣಗಿಸಿ, ಬಾಣಲೆಯಲ್ಲಿ ಚಟಪಟ ಎನ್ನುವವರೆಗೆ ಹುರಿದು, ಉಪ್ಪು ನೀರು ಚಿಮುಕಿಸಿದರೆ ಹೈಸ್ಕೂಲು ಹುಡುಗರ ಸಂಜೆಯ ತಿಂಡಿ ಮುಗಿಯಿತು.

ಮಸ್ಸೊಪ್ಪು: ಮೆಣಸಿನಕಾಯಿ ಇಡಿಯಾಗಿಯೇ ಇರಲಿ

ಆಶ್ವಯುಜದ ಹುಣ್ಣಿಮೆಯನ್ನು ಮಲೆನಾಡಿನವರು ಭೂಮಿ ಹುಣ್ಣಿಮೆ ಎಂದೂ, ಉತ್ತರ ಕರ್ನಾಟಕದವರು ಸೀಗಿ ಹುಣ್ಣಿಮೆ ಎಂದೂ ಆಚರಿಸುತ್ತಾರೆ. ತೆನೆ ಹೊತ್ತ ಹೊಲವನ್ನು ಬಸುರಿ ಎಂದು ಭಾವಿಸಿ, ಅವಳ ಬಯಕೆಗೆಂದು ಬಗೆಬಗೆಯ ಸೊಪ್ಪು ತರಕಾರಿ ಬೇಯಿಸಿ, ಹೊಲದಲ್ಲಿ ಚರಗ ಚೆಲ್ಲಿ ಬರುತ್ತಾರೆ. ಒಂದೇ ಸೊಪ್ಪಿಗೆ ಅಂಟಿಕೊಳ್ಳದೆ ಹತ್ತು ಬಗೆ ಬೆರೆಸುವ ಆ ಜಾಣ್ಮೆಯನ್ನು ನಾವು ಪೇಟೆಯ ಅಡುಗೆಮನೆಗೂ ತಂದುಕೊಳ್ಳಬಹುದು. ದಂಟು, ಮೆಂತ್ಯ, ಸಬ್ಬಸಿಗೆ, ಪಾಲಕ್, ಸಿಕ್ಕರೆ ಹೊನಗೊನ್ನೆ. ಮೆಂತ್ಯ ಮಾತ್ರ ಒಂದು ಹಿಡಿ ಮೀರದಿರಲಿ, ಮಕ್ಕಳಿಗೆ ಕಹಿ ಹಿಡಿಸದು.

ಸೊಪ್ಪನ್ನು ಬಿಡಿಸಿ, ಅಗಲವಾದ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಮೇಲಿನಿಂದ ಎತ್ತಿ ಬೇರೆ ಪಾತ್ರೆಗೆ ಹಾಕಿ. ನೀರನ್ನು ಬಗ್ಗಿಸಬೇಡಿ, ತಳಕ್ಕೆ ಕೂತ ಮಣ್ಣು ಮತ್ತೆ ಸೊಪ್ಪಿಗೇ ಬರುತ್ತದೆ. ಮೂರು ಸಲ ಹೀಗೆ ಮಾಡಿ. ಆಮೇಲೆ ಅರ್ಧ ಲೋಟ ತೊಗರಿಬೇಳೆ, ಮೂರು ಕಟ್ಟು ಸೊಪ್ಪು, ಒಂದು ಈರುಳ್ಳಿ, ಎರಡು ಟೊಮೆಟೊ, ಐದಾರು ಎಸಳು ಬೆಳ್ಳುಳ್ಳಿಯನ್ನು ಕುಕ್ಕರಿಗೆ ಹಾಕಿ. ನಾಲ್ಕು ಹಸಿಮೆಣಸಿನಕಾಯಿಯನ್ನು ಸೀಳದೆ, ತೊಟ್ಟು ಸಮೇತ ಇಡಿಯಾಗಿ ಮೇಲಿಟ್ಟು ಮೂರು ಕೂಗು ಕೂಗಿಸಿ. ಮುಚ್ಚಳ ತೆಗೆದ ಕೂಡಲೇ ತೊಟ್ಟು ಹಿಡಿದು ಮೆಣಸಿನಕಾಯಿಗಳನ್ನು ಎತ್ತಿಬಿಡಿ. ಖಾರದ ಹೆಚ್ಚು ಭಾಗ ಅದರ ಜೊತೆಗೇ ಹೊರಗೆ ಬರುತ್ತದೆ. ಉಪ್ಪು ಹಾಕಿ, ಮಸೆಗೋಲಿನಲ್ಲಿ ಮಸೆದು, ಮಕ್ಕಳ ಪಾಲು ತೆಗೆಯಿರಿ. ಎತ್ತಿಟ್ಟ ಮೆಣಸಿನಕಾಯಿಯನ್ನು ಉಳಿದ ಸೊಪ್ಪಿಗೆ ಹಾಕಿ ಇನ್ನೊಮ್ಮೆ ಮಸೆದರೆ ದೊಡ್ಡವರದ್ದೂ ಸಿದ್ಧ. ಹುಣಸೆ ರಸ, ಬೆಳ್ಳುಳ್ಳಿ ಒಗ್ಗರಣೆ ಇವರ ಪಾಲಿಗೆ. ರಾಗಿ ಮುದ್ದೆ ಮಾಡುವ ದಿನ ಇದನ್ನಿಟ್ಟುಕೊಂಡರೆ ಬೇರೇನೂ ಬೇಕಿಲ್ಲ. ಮಗುವಿಗೆ ಗೋಲಿ ಗಾತ್ರದ ಪುಟ್ಟ ಮುದ್ದೆಗಳನ್ನು ಕಟ್ಟಿ ಸೊಪ್ಪಿನಲ್ಲಿ ಅದ್ದಿ ಕೊಡಿ.

ಗೆಣಸು: ನಿಧಾನ ಬೆಂದಷ್ಟೂ ಸಿಹಿ

ಬೆಳಗಾವಿ, ಖಾನಾಪುರದ ಕಡೆ ಈ ತಿಂಗಳುಗಳಲ್ಲಿ ಗೆಣಸು ಕೀಳುವ ಸುಗ್ಗಿ. ಕೆಂಡದಲ್ಲಿ ಸುಟ್ಟ ಗೆಣಸು ಕುಕ್ಕರಿನ ಗೆಣಸಿಗಿಂತ ಸಿಹಿ ಎಂದು ಅಜ್ಜಿಯಂದಿರು ಹೇಳುವುದು ಸುಮ್ಮನೆ ಮಾತಿಗಲ್ಲ. ಗೆಣಸಿನಲ್ಲಿರುವ ಒಂದು ಕಿಣ್ವ ಸುಮಾರು 60ರಿಂದ 75 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿಷ್ಟವನ್ನು ಮಾಲ್ಟೋಸ್ ಎಂಬ ಸಕ್ಕರೆಯಾಗಿ ಒಡೆಯುತ್ತದೆ. ಕೆಂಡದ ನಿಧಾನ ಶಾಖದಲ್ಲಿ ಅದಕ್ಕೆ ಕೆಲಸ ಮಾಡಲು ಸಮಯ ಸಿಗುತ್ತದೆ. ಕುಕ್ಕರಿನಲ್ಲಿ ಶಾಖ ಸರ್ರನೆ ಏರಿ ಕಿಣ್ವ ನಿಷ್ಕ್ರಿಯವಾಗುತ್ತದೆ. ಕೆಂಡವಿಲ್ಲದ ಮನೆಯಲ್ಲಿ ದಪ್ಪ ತಳದ ಬಾಣಲೆಗೆ ಇಡೀ ಗೆಣಸು ಹಾಕಿ, ಎರಡು ಚಮಚ ನೀರು ಚಿಮುಕಿಸಿ, ಮುಚ್ಚಿ, ಸಣ್ಣ ಉರಿಯಲ್ಲಿ ಆಗಾಗ ಹೊರಳಿಸುತ್ತ ನಲವತ್ತು ನಿಮಿಷ ಬಿಡಿ. ತಳ ಆರುತ್ತ ಬಂದರೆ ಮತ್ತೆ ಒಂದೆರಡು ಚಮಚ ನೀರು ಚಿಮುಕಿಸಿ. ಬೆಲ್ಲವಿಲ್ಲದೆಯೇ ಮಕ್ಕಳು ತಿನ್ನುತ್ತಾರೆ.

ಸಕ್ಕರೆ ಕಾಯಿಲೆಯವರ ಪಾಲು ಇದಕ್ಕೆ ವಿರುದ್ಧ. ಅವರಿಗೆ ಸುಟ್ಟದ್ದಕ್ಕಿಂತ ನೀರಿನಲ್ಲಿ ಬೇಯಿಸಿದ್ದು ಒಳ್ಳೆಯದು, ರಕ್ತದಲ್ಲಿ ಸಕ್ಕರೆ ಅಷ್ಟು ಬೇಗ ಏರುವುದಿಲ್ಲ. ಸಿಪ್ಪೆ ಸಹಿತ ಹೋಳು ಮಾಡಿ ಬೇಯಿಸಿ, ಸಾಸಿವೆ, ಕರಿಬೇವು, ನಿಂಬೆ, ಕಾಯಿತುರಿ ಹಾಕಿ ಪಲ್ಯ ಮಾಡುತ್ತೇನೆ. ಅತ್ತೆಯವರ ತಟ್ಟೆಯಲ್ಲಿ ಆ ದಿನ ಅನ್ನ ಅರ್ಧ, ಪಲ್ಯ ಅರ್ಧ. ಗೆಣಸನ್ನು ಅನ್ನದ ಬದಲಿಗೆ ಇಡಬೇಕು, ಅನ್ನದ ಮೇಲೆ ಸೇರಿಸಬಾರದು.

ಡಬ್ಬಿಗೆ ಗೆಣಸಿನ ಅಕ್ಕಿರೊಟ್ಟಿ ಮಾಡಿ ನೋಡಿ. ಬೇಯಿಸಿ ನುರಿದ ಗೆಣಸು ಒಂದು ಬಟ್ಟಲು, ಅಕ್ಕಿಹಿಟ್ಟು ಒಂದೂವರೆ ಬಟ್ಟಲು, ಜೀರಿಗೆ, ಕೊತ್ತಂಬರಿ ಸೊಪ್ಪು, ಕಾಯಿತುರಿ, ಉಪ್ಪು. ಗೆಣಸಿನ ತೇವವೇ ಬಹುಪಾಲು ಸಾಕು, ಬೇಕೆನಿಸಿದರೆ ನೀರು ಚಿಮುಕಿಸಿ. ಮಕ್ಕಳ ಉಂಡೆ ತೆಗೆದಿಟ್ಟು ಉಳಿದದ್ದಕ್ಕೆ ಹೆಚ್ಚಿದ ಹಸಿಮೆಣಸಿನಕಾಯಿ ಕಲಸಿ. ಬರೀ ಅಕ್ಕಿರೊಟ್ಟಿ ಆರಿದರೆ ಬಿರುಸಾಗುತ್ತದೆ, ಗೆಣಸು ಸೇರಿದ್ದು ಮಧ್ಯಾಹ್ನ ಒಂದಕ್ಕೂ ಮಡಚುವಷ್ಟು ಮೆತ್ತಗಿರುತ್ತದೆ.

ಹಸಿ ಕಡಲೆಕಾಯಿ

ಬೆಂಗಳೂರಿನ ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಅಷ್ಟರವರೆಗೆ ಕಾಯುವ ಅಗತ್ಯವಿಲ್ಲ, ಹೊಸ ಫಸಲು ಅದಕ್ಕೂ ಮೊದಲೇ ಬಂದಿರುತ್ತದೆ. ಮಣ್ಣು ಹೋಗುವಂತೆ ತೊಳೆದು, ಒಂದು ಕೆಜಿಗೆ ಎರಡು ದೊಡ್ಡ ಚಮಚ ಕಲ್ಲುಪ್ಪು ಹಾಕಿ, ಮುಳುಗುವಷ್ಟು ನೀರಿಟ್ಟು ನಾಲ್ಕು ಕೂಗು ಕೂಗಿಸಿ, ಅದೇ ನೀರಿನಲ್ಲಿ ಅರ್ಧ ಗಂಟೆ ಬಿಡಿ. ಉಪ್ಪು ಒಳಗಿನ ಬೀಜಕ್ಕೆ ಇಳಿಯುವುದು ಆ ಅರ್ಧ ಗಂಟೆಯಲ್ಲಿ. ಬೂಸ್ಟು ಹಿಡಿದ, ಕಪ್ಪಗಾದ ಬೀಜ ಕಂಡರೆ ಎಸೆಯಿರಿ, ಆ ಬೂಸ್ಟಿನ ವಿಷ ಬೇಯಿಸಿದರೂ ಹೋಗುವುದಿಲ್ಲ. ಬೆಂದ ಬೀಜದಲ್ಲಿ ಒಂದು ಹಿಡಿಯನ್ನು ಹುಳಿಗೆ, ಒಂದು ಹಿಡಿಯನ್ನು ಉಸುಲಿಗೆ ಎತ್ತಿಟ್ಟುಕೊಳ್ಳಬಹುದು, ಉಳಿದಿದ್ದರೆ.

ಐದು ವರ್ಷದೊಳಗಿನ ಮಕ್ಕಳ ಕೈಗೆ ಇಡೀ ಬೀಜ ಕೊಡಬೇಡಿ. ಗಂಟಲಲ್ಲಿ ಸಿಕ್ಕಿಕೊಳ್ಳುವ, ಶ್ವಾಸನಾಳಕ್ಕೆ ಇಳಿಯುವ ಅಪಾಯ ನಿಜವಾದದ್ದು. ನಮ್ಮ ಮಗಳಿಗೆ ಬೀಜ ನುರಿದು, ಅನ್ನಕ್ಕೆ ಕಲಸಿ ಕೊಡುತ್ತೇನೆ. ಮೊದಲ ಸಲ ಕಡಲೆಕಾಯಿ ತಿಂದ ಮಗುವಿನ ತುಟಿ ಊದಿದರೆ, ಮೈ ಮೇಲೆ ದದ್ದು ಎದ್ದರೆ, ಉಸಿರಿಗೆ ಕಷ್ಟವಾದರೆ ಕಾಯದೆ ವೈದ್ಯರ ಬಳಿ ಓಡಬೇಕು.

ಸೀತಾಫಲ, ಸೀಬೆ

ಕಾಯಿ ಸೀತಾಫಲವನ್ನು ಫ್ರಿಜ್ಜಿಗೆ ಹಾಕಿದರೆ ಸಿಪ್ಪೆ ಕಪ್ಪಾಗುತ್ತದೆ, ಹಣ್ಣಾಗುವುದೂ ಇಲ್ಲ. ಕಣ್ಣುಗಳ ನಡುವಿನ ಗೆರೆ ಅಗಲವಾಗಿ ಬಿಳುಪು ತಿರುಗಿದ ಕಾಯಿ ತಂದು, ಅಕ್ಕಿ ಡಬ್ಬಿಯಲ್ಲೋ ಒಣಹುಲ್ಲಿನಲ್ಲೋ ಇಟ್ಟರೆ ಎರಡು ಮೂರು ದಿನಕ್ಕೆ ಹಣ್ಣು. ಬೀಜ ಬಿಡಿಸುವ ರಗಳೆಗೆ ಹೆದರಿ ಮಿಕ್ಸಿಗೆ ಹಾಕುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸೀತಾಫಲದ ಬೀಜದೊಳಗೆ ವಿಷದ ಅಂಶವಿದೆ. ಹೇನಿಗೆಂದು ಅರೆದು ಹಚ್ಚಿದ ಬೀಜದ ಪುಡಿ ಕಣ್ಣಿಗೆ ಬಿದ್ದು ಕಣ್ಣು ಕೆಟ್ಟದ್ದೂ ಉಂಟು. ತಿರುಳಿಗೆ ಅರ್ಧ ಲೋಟ ತಣ್ಣನೆಯ ಹಾಲು ಹಾಕಿ, ಕಡೆಗೋಲಿನಿಂದ ಮೆಲ್ಲಗೆ ತಿರುವಿ. ಬೀಜ ತಾನಾಗಿಯೇ ಬಿಟ್ಟುಕೊಳ್ಳುತ್ತದೆ, ಒಂದೊಂದಾಗಿ ಎತ್ತಿ, ಕೊನೆಗೆ ಬೆರಳಾಡಿಸಿ ನೋಡಿಕೊಳ್ಳಿ.

ಪಾಯಸ ಮಾಡುವವರು ಇನ್ನೊಂದು ಮಾತು ನೆನಪಿಡಿ. ಸೀತಾಫಲವನ್ನು ಕುದಿಸಿದರೆ ಕಹಿಯಾಗುತ್ತದೆ. ಒಂದು ಲೀಟರ್ ಹಾಲನ್ನು ಮುಕ್ಕಾಲಿಗೆ ಇಳಿಸಿ, ತುಪ್ಪದಲ್ಲಿ ಹುರಿದ ಅರ್ಧ ಬಟ್ಟಲು ಶಾವಿಗೆ ಬೇಯಿಸಿ, ಮೂರು ದೊಡ್ಡ ಚಮಚ ಸಕ್ಕರೆ ಹಾಕಿ ಪೂರ್ತಿ ತಣಿಯಲು ಬಿಡಿ. ತಣಿದ ಮೇಲೆಯೇ ಮೂರು ಹಣ್ಣಿನ ತಿರುಳು ಸೇರಿಸಬೇಕು. ಏಲಕ್ಕಿ ಹಾಕಬೇಡಿ, ಹಣ್ಣಿನ ಪರಿಮಳ ಅದರಡಿಯಲ್ಲಿ ಅಡಗಿಹೋಗುತ್ತದೆ.

ಸೀಬೆಯಲ್ಲಿ ದೋರೆಗಾಯಿಗಳನ್ನು ಆರಿಸಿ, ಬೀಜದ ಭಾಗ ತೆಗೆದು ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ, ನಿಂಬೆರಸ ಸೇರಿಸಿದರೆ ಚೆಂದದ ಕೋಸಂಬರಿ. ತೆಗೆದ ಬೀಜದ ಭಾಗವನ್ನು ಬೇಯಿಸಿ, ಜರಡಿಯಲ್ಲಿ ಸೋಸಿ, ಬೆಲ್ಲ ಮೆಣಸಿನಪುಡಿ ಹಾಕಿ ಕುದಿಸಿದರೆ ಗೊಜ್ಜು.

ಕಾರ್ತಿಕದ ನೆಲ್ಲಿ

ಉತ್ಥಾನ ದ್ವಾದಶಿಯ ದಿನ ತುಳಸಿಕಟ್ಟೆಗೆ ನೆಲ್ಲಿಯ ಕೊಂಬೆ ಸಿಕ್ಕಿಸುತ್ತೇವಲ್ಲ, ಬೆಟ್ಟದ ನೆಲ್ಲಿಕಾಯಿ ಸಂತೆಗೆ ಬರುವುದೂ ಆ ಹೊತ್ತಿಗೇ. ಸಿ ಜೀವಸತ್ವದಲ್ಲಿ ಕಿತ್ತಳೆಗಿಂತ ಇದು ಹಲವು ಪಟ್ಟು ಮೇಲು. ಶಾಖಕ್ಕೆ ಆ ಸತ್ವ ಕುಗ್ಗುವುದರಿಂದ ಕುದಿಸದೆ ತಂಬುಳಿ ಮಾಡುವುದು ಒಳ್ಳೆಯದು. ನಾಲ್ಕು ನೆಲ್ಲಿಕಾಯಿಯ ಬೀಜ ತೆಗೆದು, ಕಾಲು ಬಟ್ಟಲು ಕಾಯಿತುರಿ, ಅರ್ಧ ಚಮಚ ಜೀರಿಗೆಯ ಜೊತೆ ನುಣ್ಣಗೆ ಅರೆದು, ಎರಡು ಲೋಟ ಮಜ್ಜಿಗೆ, ಉಪ್ಪು, ಚೂರು ಬೆಲ್ಲ ಸೇರಿಸಿ. ಮಕ್ಕಳಿಗೆ ಇಷ್ಟೇ ಸಾಕು. ದೊಡ್ಡವರದ್ದಕ್ಕೆ ಕಾಳುಮೆಣಸಿನ ಪುಡಿ, ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ. ಬಿಸಿ ಅನ್ನಕ್ಕೆ ತಣ್ಣನೆಯ ತಂಬುಳಿ, ಜೊತೆಗೆ ಗೆಣಸಿನ ಪಲ್ಯ. ಅರ್ಧ ಗಂಟೆಯೊಳಗೆ ಮುಗಿಯುವ ಊಟ, ಕೆಲಸದಿಂದ ತಡವಾಗಿ ಬಂದ ದಿನಕ್ಕೆ ಹೇಳಿಮಾಡಿಸಿದ್ದು.

ಅಗ್ಗವಾಗಿ ಸಿಕ್ಕ ದಿನ ಎರಡು ಕೆಜಿ ತಂದು, ತೊಳೆದು ಒರೆಸಿ, ಗಾಜಿನ ಜಾಡಿಗೆ ತುಂಬಿ. ಒಂದು ಲೀಟರ್ ನೀರಿಗೆ 100 ಗ್ರಾಂ ಕಲ್ಲುಪ್ಪಿನಂತೆ ಕುದಿಸಿ ಆರಿಸಿ, ಕಾಯಿ ಮುಳುಗುವಷ್ಟು ಸುರಿದು ಫ್ರಿಜ್ಜಿನಲ್ಲಿಡಿ. ಎರಡು ತಿಂಗಳು ತಂಬುಳಿಗೂ ಚಿತ್ರಾನ್ನಕ್ಕೂ ಒದಗುತ್ತದೆ. ಆ ದಿನಗಳಲ್ಲಿ ಅಡುಗೆಗೆ ಬೇರೆ ಉಪ್ಪು ಹಾಕುವ ಮುನ್ನ ರುಚಿ ನೋಡಿ.

ಮತ್ತೆ ಆ ಸಿಹಿಗುಂಬಳದ ಬೀಜ. ಕಾಯಿ ನಾಟಿಯದಾಗಿದ್ದರೆ ಹುರಿಯುವ ಮೊದಲು ಹತ್ತು ಬಲಿತ ಬೀಜಗಳನ್ನು ಬೇರೆ ಮಾಡಿ, ಬೂದಿಯಲ್ಲಿ ಹೊರಳಿಸಿ, ನೆರಳಲ್ಲಿ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ ತಿಂಗಳು ಬರೆದಿಡಿ. ಮುಂಗಾರಿನ ಮೊದಲ ಮಳೆಗೆ ಹಿತ್ತಲಲ್ಲೋ ತಾರಸಿಯ ದೊಡ್ಡ ಚೀಲದಲ್ಲೋ ಎರಡು ಬೀಜ ಊರಿ, ನೀರು ಹಾಕುವ ಕೆಲಸವನ್ನು ಮಗುವಿಗೆ ವಹಿಸಿ.